ಗೃಹಪ್ರವೇಶ ‘ಕೃಹಪ್ರವೇಶ’ ಆದದ್ದು: ಕೆಟ್ಟ ರ‍್ಯಾಮ್ ಒಂದರ ಪ್ರಕರಣ

ಮುನ್ನೂರು ಕಾರ್ಡಿನ ಕಟ್ಟು ಮೇಜಿನ ಮೇಲಿತ್ತು. ಯಜಮಾನರು ಮೇಲಿನದೊಂದನ್ನು ಎಳೆದು ನನ್ನ ಕಡೆ ತಿರುಗಿಸಿಟ್ಟರು. ಅರಿಶಿನ ಬಣ್ಣದ ಕಾರ್ಡು, ನೆತ್ತಿಯಲ್ಲಿ ಗಣಪತಿ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಕೃಹಪ್ರವೇಶ’.

“ಓದು” ಅಂದರು. ಓದಿದೆ. ನಗು ಬಂತು, ನುಂಗಿಕೊಂಡೆ. ಟೈಪ್ ಮಾಡುವ ಹುಡುಗಿ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

“ನಾನು ‘ಗೃ’ ಅಂತಲೇ ಹೊಡೆದಿದ್ದೆ ಅಣ್ಣ. ಬೇಕಾದ್ರೆ ಪ್ರೂಫ್ ನೋಡಿ.”

ಪ್ರೂಫ್ ಹಾಳೆಯಲ್ಲಿ ‘ಗೃಹಪ್ರವೇಶ’ ಸರಿಯಾಗಿಯೇ ಇತ್ತು. ಕೆಳಗೆ ಗಿರಾಕಿಯ ಸಹಿಯೂ ಇತ್ತು. ಮರುದಿನ ಅವಳು ಅದೇ ಫೈಲ್ ತೆರೆದು, ಅಕ್ಷರದ ಸೈಜ್ ಒಂದು ಹಂತ ಹೆಚ್ಚಿಸಿ, ಸೇವ್ ಮಾಡಿ ಪ್ರಿಂಟ್ ಕೊಟ್ಟಿದ್ದಾಳೆ. ಪ್ರೂಫ್ ಓಕೆ ಆಗಿದೆಯಲ್ಲ ಅಂತ ಯಾರೂ ಮತ್ತೆ ಓದಿಲ್ಲ. ಯಜಮಾನರ ವಾದ ಸರಳ: ಸೈಜ್ ಬದಲಿಸುವಾಗ ಏನೋ ಒತ್ತಿದ್ದಾಳೆ. ಮರುಮುದ್ರಣದ 1,200 ರೂಪಾಯಿಯನ್ನು ಆಗಲೇ ಲೆಕ್ಕದ ಪುಸ್ತಕದಲ್ಲಿ ಅವಳ ಪುಟಕ್ಕೆ ಬರೆದಾಗಿತ್ತು.

ನನ್ನನ್ನು ಕರೆಸಿದ್ದು ಕಾರ್ಡಿಗಾಗಿ ಅಲ್ಲ. ಕಂಪ್ಯೂಟರ್ ಬೆಳಗ್ಗೆಯಿಂದ ಮೂರು ಸಲ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗಿತ್ತು. ಎರಡೂ ಒಂದೇ ರೋಗದ ಲಕ್ಷಣ ಇರಬಹುದೆಂದು ಆ ಕ್ಷಣಕ್ಕೆ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಇದು ತಿಪಟೂರಿನ ಒಂದು ಸಣ್ಣ ಡಿಟಿಪಿ, ಜೆರಾಕ್ಸ್, ಮುದ್ರಣದ ಅಂಗಡಿ. 2024ರ ಏಪ್ರಿಲ್. ಯುಗಾದಿ ಕಳೆದಿತ್ತು. 26ಕ್ಕೆ ತುಮಕೂರು ಕ್ಷೇತ್ರದ ಮತದಾನ ಇದ್ದುದರಿಂದ ಕರಪತ್ರಗಳ ಒತ್ತಡವೂ ಸೇರಿತ್ತು. ಯಜಮಾನರು ಚಿಕ್ಕ ವಯಸ್ಸಿನಲ್ಲಿ ಸೀಸದ ಮೊಳೆ ಜೋಡಿಸಿ ಪುಟ ಕಟ್ಟಿದವರು. ಕಂಪ್ಯೂಟರ್ ಬಗ್ಗೆ ಅವರಿಗೆ ಮೊದಲಿನಿಂದಲೂ ಅರ್ಧ ನಂಬಿಕೆ.

ಯಂತ್ರದ ಜಾತಕ ಹೀಗೆ. 2021ರಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಐ3-10100 ಪ್ರೊಸೆಸರ್, ರ‍್ಯಾಮ್‌ಗೆ (ಕೆಲಸ ನಡೆಯುವಾಗ ಮಾಹಿತಿ ಕೂರುವ ಜ್ಞಾಪಕಕ್ಕೆ) ಎರಡೇ ಸ್ಲಾಟ್ ಇರುವ ಸಾಧಾರಣ ಮದರ್‌ಬೋರ್ಡ್, ವಿಂಡೋಸ್‌ಗೆ ಒಂದು ಎಸ್‌ಎಸ್‌ಡಿ, ಹಳೆಯ ಕೆಲಸಗಳನ್ನು ಇಡಲು 1 ಟಿಬಿ ಹಾರ್ಡ್ ಡಿಸ್ಕ್, ಮತ್ತು 8 ಜಿಬಿಯ ಒಂದು ಡಿಡಿಆರ್4 ಸ್ಟಿಕ್, ಅಂದರೆ ರ‍್ಯಾಮ್‌ನ ಪಟ್ಟಿ. 2023ರ ದೀಪಾವಳಿ ಹೊತ್ತಿಗೆ ವಿನ್ಯಾಸದ ತಂತ್ರಾಂಶ ಕೋರೆಲ್‌ಡ್ರಾ ತೆವಳುತ್ತಿದೆ ಅಂದದ್ದಕ್ಕೆ ಇನ್ನೊಂದು 8 ಜಿಬಿ ಸ್ಟಿಕ್ ಸೇರಿಸಲಾಯಿತು. ‘ಸೇರಿಸಲಾಯಿತು’ ಅಂತ ಯಾರೋ ಬೇರೆಯವರು ಮಾಡಿದಂತೆ ಬರೆದೆ, ನೋಡಿ. ಸೇರಿಸಿದ್ದು ನಾನೇ. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತರಿಸಿ, ಸ್ಲಾಟ್‌ಗೆ ಒತ್ತಿ, 16 ಜಿಬಿ ತೋರಿಸುತ್ತಿದೆ ಅಂತ ಐದು ನಿಮಿಷ ನೋಡಿ, ಕಾಫಿ ಕುಡಿದು ಎದ್ದು ಬಂದಿದ್ದೆ. ಟೆಸ್ಟ್ ಮಾಡಿರಲಿಲ್ಲ.

ಈ ಪ್ರಕರಣದಲ್ಲಿ ಆದ ತಡಕ್ಕೆಲ್ಲ ಮೂಲ ಅದೇ. ನಾನು ಹಾಕಿದ ಭಾಗದ ಮೇಲೆ ಅನುಮಾನ ಪಡಲು ನನಗೇ ಮನಸ್ಸಿರಲಿಲ್ಲ.

ದಾರಿ ತಪ್ಪಿದ ಎರಡು ತಿಂಗಳು

ತೊಂದರೆ ಶುರುವಾದದ್ದು ಫೆಬ್ರವರಿಯಲ್ಲಿ. ಮೊದಲು ಕ್ರೋಮ್‌ನ ಟ್ಯಾಬ್‌ಗಳು ತಾವಾಗಿ ಸಾಯುತ್ತಿದ್ದವು. ಆಮೇಲೆ ಕೋರೆಲ್‌ಡ್ರಾ ಹೇಳದೆ ಕೇಳದೆ ಮುಚ್ಚಿಕೊಳ್ಳತೊಡಗಿತು. ನಂತರ ನೀಲಿ ಪರದೆ. ಅವಳು ಪ್ರತಿ ಸಲ ಮೊಬೈಲ್‌ನಲ್ಲಿ ಫೋಟೊ ತೆಗೆದು ನನಗೆ ಕಳಿಸುತ್ತಿದ್ದಳು. ಒಂದು ಸಲ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಂದು ಸಲ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ಮತ್ತೊಂದು ಸಲ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’, ಮಗದೊಮ್ಮೆ ‘ಸಿಸ್ಟಮ್ ಸರ್ವೀಸ್ ಎಕ್ಸೆಪ್ಶನ್’.

ಆ ಫೋಟೊಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು. ಡ್ರೈವರ್ (ಒಂದೊಂದು ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಹೆಸರಿನ ಪರದೆ ಮರುಕಳಿಸುತ್ತದೆ, ಒಂದೇ ಫೈಲ್‌ನ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ, ಒಂದು ನಿರ್ದಿಷ್ಟ ಕೆಲಸ ಮಾಡುವಾಗಲೇ ಬೀಳುತ್ತದೆ. ಇಲ್ಲಿ ಪ್ರತಿ ಸಲವೂ ಹೆಸರು ಬೇರೆ, ಬೀಳುವ ಹೊತ್ತು ಬೇರೆ, ಬಿದ್ದ ಪ್ರೋಗ್ರಾಂ ಬೇರೆ. ರೋಗ ಊರೂರು ತಿರುಗುತ್ತಿದೆ ಅಂದರೆ ಎಲ್ಲ ಪ್ರೋಗ್ರಾಂಗಳೂ ನಿಂತ ನೆಲದಲ್ಲೇ ಏನೋ ಇದೆ ಅಂತ ಅರ್ಥ. ನಾನು ಆ ಫೋಟೊಗಳನ್ನು ಬಂದಂತೆ ಒಂದೊಂದಾಗಿ ನೋಡಿ, ಒಂದೊಂದಕ್ಕೂ ಒಂದೊಂದು ಮದ್ದು ಹುಡುಕಿದೆ.

ಮೊದಲ ಮದ್ದು ನಮ್ಮ ಕಸುಬಿನ ಸರ್ವರೋಗ ನಿವಾರಿಣಿ, ಅಂದರೆ ವಿಂಡೋಸ್ ಅಳಿಸಿ ಮತ್ತೆ ಹಾಕುವುದು. ಹತ್ತು ದಿನ ಯಂತ್ರ ಉಸಿರೆತ್ತಲಿಲ್ಲ. ನಾನು ಬೀಗಿದೆ. ಹನ್ನೊಂದನೆಯ ದಿನ ಮತ್ತೆ ನೀಲಿ.

ಈ ಹತ್ತು ದಿನದ ಆರಾಮವೇ ದೊಡ್ಡ ಮೋಸ. ರ‍್ಯಾಮ್‌ನ ಒಂದೆರಡು ಕಣ ಮಾತ್ರ ಕೆಟ್ಟಿದ್ದರೆ, ಆ ಜಾಗಕ್ಕೆ ಏನು ಬಂದು ಕೂರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಪ್ರೋಗ್ರಾಂ ಕಡಿಮೆ, ಜ್ಞಾಪಕದಲ್ಲಿ ಖಾಲಿ ಜಾಗ ಹೆಚ್ಚು. ಕೆಟ್ಟ ಕಣದ ಮೇಲೆ ಯಾರೂ ಕೂರದಿದ್ದರೆ ತೊಂದರೆಯೇ ಇಲ್ಲ. ಒಂದು ಚಿತ್ರದ ನಡುವಿನ ಚುಕ್ಕೆ ಕೂತರೆ ಆ ಚುಕ್ಕೆಯ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ವಿಂಡೋಸ್‌ನ ತಿರುಳಾದ ಕರ್ನಲ್‌ಗೆ ಸೇರಿದ ಒಂದು ವಿಳಾಸ ಅಲ್ಲಿ ಕೂತರೆ ಮಾತ್ರ ಪೂರಾ ಯಂತ್ರ ಕುಸಿಯುತ್ತದೆ. ಕೆಲಸದ ಒತ್ತಡ ಏರಿ ಕೋರೆಲ್, ವರ್ಡ್, ಕ್ರೋಮ್ ಎಲ್ಲ ಒಟ್ಟಿಗೆ ತೆರೆದಾಗ ಜ್ಞಾಪಕ ತುಂಬುತ್ತದೆ, ಕೆಟ್ಟ ಜಾಗಕ್ಕೂ ಬಾಡಿಗೆದಾರರು ಬರುತ್ತಾರೆ.

ಎರಡನೆಯ ಮದ್ದು ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆ ಕರೆಂಟ್ ಹಂಚುವ ಪೆಟ್ಟಿಗೆ. ನಮ್ಮೂರ ಕರೆಂಟಿನ ಏರಿಳಿತ ಗೊತ್ತಿರುವುದರಿಂದ ನನ್ನ ಅಂಗಡಿಯಲ್ಲಿದ್ದ ಒಳ್ಳೆಯದೊಂದನ್ನು ತಂದು ವಾರ ಕಾಲ ಹಾಕಿ ನೋಡಿದೆ. ಬದಲಾವಣೆ ಇಲ್ಲ. ಎಸ್‌ಎಸ್‌ಡಿಯ ಕೇಬಲ್ ಬದಲಿಸಿದ್ದೂ ವ್ಯರ್ಥವಾಯಿತು.

ಡಿಸ್ಕೋ, ರ‍್ಯಾಮೋ

ಕಾರ್ಡಿನ ದಿನ ನಾನು ಹೋದಾಗ ಅವಳು ಇನ್ನೊಂದು ಮಾತು ಹೇಳಿದಳು. ತಿಂಗಳ ಕೊನೆಗೆ ಮುಗಿದ ಕೆಲಸಗಳನ್ನೆಲ್ಲ ಜಿಪ್ ಮಾಡಿ ಹಾರ್ಡ್ ಡಿಸ್ಕ್‌ನಲ್ಲಿ ಇಡುವುದು ಅಲ್ಲಿನ ಪದ್ಧತಿ. ಅದರಲ್ಲೊಂದು ಜಿಪ್ ತೆರೆಯಲು ಹೋದರೆ ಸಿಆರ್‌ಸಿ ಎರರ್ ಅಂತ ಬರುತ್ತಿದೆ ಅಂದಳು. ಅಂದರೆ ಜಿಪ್ ಮಾಡುವಾಗ ಬರೆದಿಟ್ಟ ತಾಳೆಯ ಲೆಕ್ಕಕ್ಕೂ ಈಗ ಓದಿದ್ದಕ್ಕೂ ಹೊಂದುತ್ತಿಲ್ಲ.

ನಾನು ಸುಮಾರು 4 ಜಿಬಿಯ ದೊಡ್ಡ ಜಿಪ್ ಒಂದನ್ನು 7-ಜಿಪ್‌ನಲ್ಲಿ ಟೆಸ್ಟ್‌ಗೆ ಹಾಕಿದೆ. ಮೊದಲ ಸಲ ಒಂದು ಫೈಲ್‌ನಲ್ಲಿ ದೋಷ ತೋರಿಸಿತು. ರೀಸ್ಟಾರ್ಟ್ ಮಾಡಿ ಅದೇ ಜಿಪ್‌ಗೆ ಅದೇ ಟೆಸ್ಟ್ ಹಾಕಿದೆ. ಎಲ್ಲ ಸರಿ ಅಂದಿತು. ಮೂರನೆಯ ಸಲ ಬೇರೆಯೇ ಫೈಲ್‌ನಲ್ಲಿ ದೋಷ.

ಇಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಡಿಸ್ಕ್ ಕೆಟ್ಟಿದ್ದರೆ ಹಾಳಾದ ಫೈಲ್ ಎಷ್ಟು ಸಲ ಓದಿದರೂ ಅದೇ ಇರುತ್ತದೆ. ತಟ್ಟೆಯಲ್ಲಿ ಕಲ್ಲು ಇದ್ದರೆ ಪ್ರತಿ ಊಟಕ್ಕೂ ಅದೇ ಜಾಗದಲ್ಲಿ ಹಲ್ಲಿಗೆ ಸಿಗಬೇಕು. ಇಲ್ಲಿ ಫೈಲ್ ಡಿಸ್ಕ್‌ನಲ್ಲಿ ಸರಿಯಾಗಿಯೇ ಇದೆ, ಓದಿ ಲೆಕ್ಕ ಹಾಕುವ ದಾರಿಯಲ್ಲಿ ಕೆಡುತ್ತಿದೆ. ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡೂ ತಮ್ಮ ಸ್ಥಿತಿಯ ಬಗ್ಗೆ ತಾವೇ ಕೊಡುವ ‘ಸ್ಮಾರ್ಟ್’ ವರದಿಯೂ ಆರೋಗ್ಯಕರವಾಗಿತ್ತು. ಉಳಿದದ್ದು ರ‍್ಯಾಮ್, ಸ್ಲಾಟ್, ಪ್ರೊಸೆಸರ್‌ನ ಒಳಗಿರುವ ಮೆಮೊರಿ ಕಂಟ್ರೋಲರ್, ಈ ಮೂರೇ. ಹೆಚ್ಚು ಸಲ ಸಿಕ್ಕಿಬೀಳುವುದು ಮೊದಲನೆಯದು. ನನ್ನ ಕಣ್ಣು ನಾನು ದೀಪಾವಳಿಗೆ ಹಾಕಿದ ಸ್ಟಿಕ್ ಕಡೆಗೆ ಹೋಯಿತು.

ಭಾನುವಾರ

ಅಂಗಡಿಗೆ ರಜೆ ಇದ್ದ ಭಾನುವಾರ ಬೆಳಗ್ಗೆ ಎಂಟಕ್ಕೆ ಬೀಗ ತೆಗೆಸಿದೆ. ಮೊದಲು ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದೆ. ಸ್ಟ್ಯಾಂಡರ್ಡ್ ಪರೀಕ್ಷೆ ಮುಗಿದು ಯಾವ ದೋಷವೂ ಇಲ್ಲ ಅಂತ ಬಂತು. ನಿಜ ಹೇಳಬೇಕೆಂದರೆ ಸಮಾಧಾನವಾಯಿತು. ಇಲ್ಲೇ ಪೆಟ್ಟಿಗೆ ಮುಚ್ಚಿ ‘ರ‍್ಯಾಮ್ ಸರಿಯಾಗಿದೆ’ ಅಂತ ಬರೆದುಕೊಡುವ ಆಸೆಯೂ ಆಯಿತು. ಆ ಉಪಕರಣ ತಪ್ಪು ಇದೆ ಅಂದರೆ ನಂಬಬೇಕು. ಇಲ್ಲ ಅಂದರೆ ಅಷ್ಟು ಬೇಗ ನಂಬಬಾರದು.

ಆಮೇಲೆ ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86+ ಹಾಕಿ ಯಂತ್ರವನ್ನು ಅದರಿಂದಲೇ ಬೂಟ್ ಮಾಡಿದೆ, ಅಂದರೆ ಎಬ್ಬಿಸಿದೆ. ಇದು ರ‍್ಯಾಮ್ ಪರೀಕ್ಷಿಸುವ ಉಚಿತ, ಮುಕ್ತ ತಂತ್ರಾಂಶ. ಮೂಲ ಮೆಮ್‌ಟೆಸ್ಟ್86 1990ರ ದಶಕದ್ದು, ಅದರಿಂದ 2004ರಲ್ಲಿ ಕವಲೊಡೆದದ್ದು ಈ ‘ಪ್ಲಸ್’. ವರ್ಷಗಟ್ಟಲೆ ಮಲಗಿದ್ದು 2022ರಲ್ಲಿ ಹೊಸದಾಗಿ ಬರೆಸಿಕೊಂಡು ಎದ್ದಿದೆ, ಈಗಿನ ಬೋರ್ಡ್‌ಗಳಲ್ಲೂ ಓಡುತ್ತದೆ. ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಸೆಕ್ಯೂರ್ ಬೂಟ್ ಅನ್ನುವ ಕಾವಲನ್ನು ಆಫ್ ಮಾಡಬೇಕಾಯಿತು, ಅಷ್ಟೇ. ವಿಂಡೋಸ್ ಇಲ್ಲದೆ ಓಡುವುದರಿಂದ ಹೆಚ್ಚುಕಡಿಮೆ ಇಡೀ ಜ್ಞಾಪಕವನ್ನು ತಡಕುತ್ತದೆ. ಒಂದು ಮಾದರಿ ಬರೆಯುತ್ತದೆ, ಓದುತ್ತದೆ, ತಲೆಕೆಳಗು ಮಾಡಿ ಬರೆಯುತ್ತದೆ, ಮತ್ತೆ ಓದುತ್ತದೆ. ಹೀಗೆ ಹತ್ತು ಬಗೆಯ ಪರೀಕ್ಷೆ ಮುಗಿದರೆ ಒಂದು ಪಾಸ್.

16 ಜಿಬಿಗೆ ಮೊದಲ ಪಾಸ್ ಮುಗಿಯಲು ಒಂದು ಗಂಟೆಯ ಮೇಲಾಯಿತು. ಎರರ್ ಸೊನ್ನೆ.

ಆಗ ಗಮನಿಸಿದೆ: ಕ್ಯಾಬಿನೆಟ್‌ನ ಬಾಗಿಲು ತೆಗೆದಿತ್ತು, ಮೇಲೆ ಫ್ಯಾನ್ ತಿರುಗುತ್ತಿತ್ತು, ಬೆಳಗಿನ ತಂಪೂ ಇತ್ತು. ಈ ಯಂತ್ರ ದಿನನಿತ್ಯ ದುಡಿಯುವುದು ಹೀಗಲ್ಲ. ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು, ಪಕ್ಕದಲ್ಲಿ ಜೆರಾಕ್ಸ್ ಮೆಷಿನ್ ಬಿಸಿ ಉಗುಳುತ್ತಿರುವಾಗ ದುಡಿಯುತ್ತದೆ. ಬಾಗಿಲು ಹಾಕಿದೆ, ಮೇಜಿನ ಕೆಳಗೆ ತಳ್ಳಿದೆ, ಪರೀಕ್ಷೆ ಮುಂದುವರಿಯಲು ಬಿಟ್ಟು ಊಟಕ್ಕೆ ಹೋದೆ. ಮೂರು ಗಂಟೆಗೆ ಬಂದು ನೋಡಿದರೆ ಪರದೆಯ ಕೆಳಭಾಗ ಕೆಂಪಾಗಿತ್ತು. ಎರಡನೆಯ ಪಾಸ್, ಏಳನೆಯ ಟೆಸ್ಟ್, ಹನ್ನೊಂದು ಎರರ್. ಎಲ್ಲವೂ ಅಕ್ಕಪಕ್ಕದ ವಿಳಾಸಗಳಲ್ಲಿ. ಪ್ರತಿ ಸಲವೂ ತಲೆಕೆಳಗಾಗಿದ್ದು ಒಂದೇ ಬಿಟ್, ಅಂದರೆ ಒಂದು-ಸೊನ್ನೆಗಳ ಸಾಲಿನ ಒಂದೇ ಅಂಕಿ, ಬಲಗಡೆಯಿಂದ ಎರಡನೆಯದು.

ಯಜಮಾನರು ಬಂದು ಬಗ್ಗಿ ನೋಡಿದರು. “ಏನಪ್ಪಾ ಇದು ಕೆಂಪು?”

ಹೇಳಲು ಪ್ರಯತ್ನಿಸಿದೆ. ರ‍್ಯಾಮ್‌ನ ಒಂದೊಂದು ಬಿಟ್ ಅಂದರೆ ಒಂದು ಪುಟ್ಟ ಕೆಪಾಸಿಟರ್, ಅದಕ್ಕೊಂದು ಟ್ರಾನ್ಸಿಸ್ಟರಿನ ಬಾಗಿಲು. ಕೆಪಾಸಿಟರ್‌ನಲ್ಲಿ ವಿದ್ಯುತ್ ಇದೆಯೋ ಇಲ್ಲವೋ ಎಂಬುದೇ ಒಂದೋ ಸೊನ್ನೆಯೋ ಅನ್ನುವ ಲೆಕ್ಕ. ಆದರೆ ಈ ಕೆಪಾಸಿಟರ್ ತೂತಿನ ಕರಟ ಇದ್ದ ಹಾಗೆ, ತುಂಬಿಸಿದ್ದು ಸದಾ ಸೋರುತ್ತದೆ. ಅದಕ್ಕೇ ಪ್ರತಿಯೊಂದನ್ನೂ 64 ಮಿಲಿಸೆಕೆಂಡಿಗೆ ಒಮ್ಮೆ ಓದಿ ಮತ್ತೆ ತುಂಬುತ್ತಿರುತ್ತಾರೆ, ಅಂದರೆ ಸೆಕೆಂಡಿಗೆ ಹದಿನೈದು ಸಲಕ್ಕಿಂತ ಹೆಚ್ಚು. 8 ಜಿಬಿಯ ಒಂದು ಸ್ಟಿಕ್‌ನಲ್ಲಿ ಇಂಥ ಕರಟಗಳು 6,871 ಕೋಟಿ. ಅದರಲ್ಲೊಂದರ ತೂತು ಸ್ವಲ್ಪ ದೊಡ್ಡದಾಗಿದ್ದರೆ, ಮತ್ತೆ ತುಂಬುವ ಹೊತ್ತಿಗೆ ಮೊದಲೇ ಬರಿದಾಗುತ್ತದೆ. ಬಿಸಿ ಏರಿದಷ್ಟೂ ಸೋರಿಕೆ ಜಾಸ್ತಿ. ಡಿಡಿಆರ್4 ಚಿಪ್‌ನ ಬಿಸಿ 85 ಡಿಗ್ರಿ ದಾಟಿದರೆ ಮರುತುಂಬುವ ವೇಗವನ್ನು ದುಪ್ಪಟ್ಟು ಮಾಡಬೇಕು ಅನ್ನುವ ನಿಯಮವೇ ಇದೆ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಂದ್ರೆ ಕೇಸಿನಲ್ಲಿ ಒಂದು ಖಾನೆ ತೂತಾಗಿದೆ. ಹಾಕಿದ ಮೊಳೆ ಕೆಳಗೆ ಉದುರಿ ಪಕ್ಕದ ಖಾನೆ ಮೊಳೆ ಕೈಗೆ ಬರ್ತಿದೆ. ಅಲ್ವಾ?”

ಸೀಸದ ಮೊಳೆಗಳನ್ನು ಅಕ್ಷರಕ್ಕೊಂದರಂತೆ ಇಡುತ್ತಿದ್ದ ಆ ಮರದ ಖಾನೆಪೆಟ್ಟಿಗೆಯ ಹೋಲಿಕೆ ನನಗೆ ಹೊಳೆದಿರಲಿಲ್ಲ. ನನ್ನ ಕರಟಕ್ಕಿಂತ ಚೆನ್ನಾಗಿತ್ತು.

ಬಿಸಿಯ ಬಗ್ಗೆ ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಸೇರಿಸಬೇಕು. ಗೂಗಲ್ ತನ್ನ ಸರ್ವರ್‌ಗಳ ರ‍್ಯಾಮ್ ದೋಷಗಳನ್ನು ಎರಡೂವರೆ ವರ್ಷ ದಾಖಲಿಸಿದ್ದರ ಮೇಲೆ 2009ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ಸ್ಟಿಕ್‌ಗಳು ಒಂದಾದರೂ ದೋಷ ತೋರಿಸಿದ್ದವು. ಬಿಸಿಯ ಪಾತ್ರ ಮಾತ್ರ ಅವರು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಕಂಡಿತ್ತು. ಅದು ಎಸಿಯಲ್ಲಿ ಬೆಳೆದ ಸರ್ವರ್‌ಗಳ ಲೆಕ್ಕ, ನಮ್ಮದು ಜೆರಾಕ್ಸ್ ಮೆಷಿನ್ ಪಕ್ಕದ ಲೆಕ್ಕ. ಆದರೂ ಬಾಗಿಲು ಹಾಕಿದ್ದರಿಂದಲೇ ಎರರ್ ಬಂತು ಅಂತ ನಾನು ಆಣೆ ಮಾಡಲಾರೆ. ಎರಡನೆಯ ಪಾಸ್‌ನಲ್ಲಿ ಹೇಗಿದ್ದರೂ ಬರುತ್ತಿತ್ತೇನೋ. ಆ ಸರ್ವರ್‌ಗಳಿಗೆ ಇನ್ನೊಂದು ಅನುಕೂಲವೂ ಇತ್ತು, ಇಸಿಸಿ ರ‍್ಯಾಮ್. 64 ಬಿಟ್‌ಗೆ ಎಂಟು ಬಿಟ್ ಹೆಚ್ಚಿಗೆ ಇಟ್ಟುಕೊಂಡು, ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿ ವರದಿಯನ್ನೂ ಬರೆಯುತ್ತದೆ. ನಮ್ಮ ಡೆಸ್ಕ್‌ಟಾಪ್‌ಗಳಲ್ಲಿ ಅದಿಲ್ಲ. ತಪ್ಪಿದರೆ ತಪ್ಪಿದ್ದೇ, ಹೇಳುವವರಿಲ್ಲ.

ಯಾವುದು? ಸ್ಟಿಕ್ಕೋ, ಸ್ಲಾಟೋ

ಮೆಮ್‌ಟೆಸ್ಟ್ ವಿಳಾಸ ಕೊಟ್ಟಿತಲ್ಲ, 8 ಜಿಬಿಗಿಂತ ಮೇಲಿದ್ದರೆ ಎರಡನೆಯ ಸ್ಟಿಕ್ ಅಂತ ಹೇಳಬಹುದಲ್ಲ ಅನ್ನಿಸುತ್ತದೆ. ಹಾಗೆ ಹೇಳಲಾಗದು. ಎರಡು ಸ್ಟಿಕ್ ಜೋಡಿಯಾಗಿ (ಡ್ಯುಯಲ್ ಚಾನೆಲ್‌ನಲ್ಲಿ) ಓಡುವಾಗ ವಿಳಾಸಗಳನ್ನು ಎರಡಕ್ಕೂ ಹೆಣೆದು ಹಂಚಿರುತ್ತಾರೆ, ಜಡೆಯ ಎಳೆಗಳಂತೆ. ಬಿಚ್ಚಿ ನೋಡುವುದೊಂದೇ ದಾರಿ.

ಸ್ವಿಚ್ ಆಫ್ ಮಾಡಿ, ಪವರ್ ಕಾರ್ಡ್ ಕಿತ್ತು, ಉಳಿದ ಕರೆಂಟ್ ಇಳಿಯಲೆಂದು ಪವರ್ ಬಟನ್ ಒಮ್ಮೆ ಒತ್ತಿಹಿಡಿದೆ. ಮೈಯ ಸ್ಟ್ಯಾಟಿಕ್ ಹೋಗಲು ಕ್ಯಾಬಿನೆಟ್‌ನ ಬಣ್ಣ ಇಲ್ಲದ ತಗಡು ಮುಟ್ಟಿದೆ. ಸ್ಟಿಕ್‌ಗಳಿಗೆ ಟೇಪ್ ಅಂಟಿಸಿ ‘ಹಳೆ’, ‘ಹೊಸ’ ಅಂತ ಬರೆದೆ. ಇದು ಅತಿ ಅನ್ನಿಸಬಹುದು. ಎರಡೂ ಹಸಿರು ಪಟ್ಟಿಗಳು ಕೈಯಲ್ಲಿದ್ದಾಗ ಫೋನ್ ಬಂತೆಂದರೆ ಯಾವುದು ಯಾವುದೋ ಮರೆತುಹೋಗುತ್ತದೆ, ನನಗೆ ಹಿಂದೆ ಆಗಿದೆ.

ಹಳೆಯದನ್ನು ಒಂದನೇ ಸ್ಲಾಟ್‌ಗೆ ಹಾಕಿ ಎರಡು ಪಾಸ್: ಶುದ್ಧ. ಹಳೆಯದೇ ಎರಡನೇ ಸ್ಲಾಟ್‌ಗೆ: ಶುದ್ಧ. ಅಲ್ಲಿಗೆ ಎರಡೂ ಸ್ಲಾಟ್‌ಗಳು ಮತ್ತು ಪ್ರೊಸೆಸರ್‌ನ ಕಂಟ್ರೋಲರ್ ಬಹುಮಟ್ಟಿಗೆ ನಿರ್ದೋಷಿಗಳು. ಹೊಸದು ಒಂದನೇ ಸ್ಲಾಟ್‌ಗೆ: ಎರಡನೇ ಪಾಸ್‌ನಲ್ಲಿ ನಾಲ್ಕು ಎರರ್, ಅದೇ ಬಿಟ್. ಎರಡನೇ ಸ್ಲಾಟ್‌ಗೆ: ಮತ್ತೆ ಅದೇ ಬಿಟ್. ಹೇಳುವುದಕ್ಕೆ ನಾಲ್ಕು ಸಾಲು, ಓಡಿಸುವುದಕ್ಕೆ ಭಾನುವಾರ ರಾತ್ರಿಯಿಡೀ ಮತ್ತು ಸೋಮವಾರ ಮಧ್ಯಾಹ್ನದವರೆಗೆ ಹಿಡಿಯಿತು. ಸೋಮವಾರ ಅಂಗಡಿ ನನ್ನ ಲ್ಯಾಪ್‌ಟಾಪ್‌ನಲ್ಲಿ ನಡೆಯಿತು.

ಅಷ್ಟಾದರೂ ಸ್ಟಿಕ್ ಕೆಟ್ಟಿದೆ ಅಂತ ಒಪ್ಪಿಕೊಳ್ಳುವ ಮೊದಲು ಎರಡು ಪ್ರಯತ್ನ ಮಾಡಿದೆ. ಒಂದು, ನಮ್ಮಲ್ಲಿ ಎಲ್ಲರೂ ಮಾಡುವ ರಬ್ಬರ್ ಪೂಜೆ. ಚಿನ್ನದ ಬಣ್ಣದ ಕಾಲುಗಳನ್ನು ಮೆತ್ತನೆಯ ಬಿಳಿ ರಬ್ಬರ್‌ನಿಂದ ನಿಧಾನವಾಗಿ ಉಜ್ಜಿ, ಪುಡಿ ಕೊಡವಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಮುಂದಿನ ಎರಡು ಪಾಸ್ ಶುದ್ಧ ಬಂದವು! ಮೂರನೆಯದರಲ್ಲಿ ಮತ್ತೆ ಕೆಂಪು. ಕಾಲು ಕೊಳೆಯಾಗಿ ಸಂಪರ್ಕ ತಪ್ಪಿದ್ದರೆ ಒಂದು ಬಿಟ್ ಅಲ್ಲ, ಎಲ್ಲೆಂದರಲ್ಲಿ ನೂರಾರು ಸಾವಿರಾರು ಎರರ್ ಬರುವುದು ಅಥವಾ ಯಂತ್ರ ಎದ್ದೇಳದೆ ಇರುವುದು ಹೆಚ್ಚು. ಬಹಳ ಜನ ರಬ್ಬರ್ ಹಚ್ಚಿ, ಬೂಟ್ ಆಯಿತು ಅಂತ ಕೈತೊಳೆದುಕೊಳ್ಳುವುದು ಇಲ್ಲೇ. ಎರಡು, ಆ ಸ್ಟಿಕ್ 3200 ವೇಗದ್ದು, ಪ್ರೊಸೆಸರ್ ಒಪ್ಪುವುದು 2666. 2666ರಲ್ಲೇ ಓಡುತ್ತಿತ್ತು, ಮಿತಿ ಮೀರಿ ಓಡಿಸುವ ಓವರ್‌ಕ್ಲಾಕ್ ಏನಿಲ್ಲ. ಆದರೂ ಬಯಾಸ್‌ನಲ್ಲಿ 2400ಕ್ಕೆ ಇಳಿಸಿ ನೋಡಿದೆ. ಎರರ್ ಹೋಗಲಿಲ್ಲ.

ಬೇರೆ ಬೇರೆ ಕಂಪನಿಯ, ಬೇರೆ ವೇಗದ ಸ್ಟಿಕ್‌ಗಳನ್ನು ಬೆರೆಸಿದ್ದೇ ತಪ್ಪು ಅನ್ನುವವರು ಇದ್ದಾರೆ. ಕೆಲವೊಮ್ಮೆ ಹೊಂದಾಣಿಕೆ ಆಗದಿರುವುದೂ ಉಂಟು. ಇಲ್ಲಿ ಕಾರಣ ಅದಲ್ಲ. ಒಂಟಿಯಾಗಿದ್ದಾಗಲೂ ಆ ಸ್ಟಿಕ್ ತಪ್ಪು ಹೇಳಿತು.

ಗ ಮತ್ತು ಕ

ಬಲಗಡೆಯಿಂದ ಎರಡನೆಯ ಬಿಟ್. ಈ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಸೋಮವಾರ ರಾತ್ರಿ ಮನೆಯಲ್ಲಿ ಯೂನಿಕೋಡ್ ಕೋಷ್ಟಕ, ಅಂದರೆ ಕಂಪ್ಯೂಟರ್ ಒಂದೊಂದು ಅಕ್ಷರಕ್ಕೂ ಬಳಸುವ ಸಂಖ್ಯೆಗಳ ಪಟ್ಟಿ, ತೆಗೆದು ಕೂತೆ.

ಯೂನಿಕೋಡ್‌ನಲ್ಲಿ ‘ಗ’ ಅಕ್ಷರದ ಸಂಖ್ಯೆ 3223. ಅದರ ಕೊನೆಯ ಎಂಟು ಬಿಟ್ 10010111. ‘ಕ’ ಅಕ್ಷರದ್ದು 3221, ಕೊನೆಯ ಎಂಟು ಬಿಟ್ 10010101. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಬಿಟ್. ಬಲಗಡೆಯಿಂದ ಎರಡನೆಯದು.

ಫೈಲ್ ತೆರೆದಾಗ ಅಕ್ಷರಗಳು ಡಿಸ್ಕ್‌ನಿಂದ ರ‍್ಯಾಮ್‌ಗೆ ಬಂದವು. ‘ಗ’ ಹೋಗಿ ಆ ತೂತು ಖಾನೆಯಲ್ಲಿ ಕೂತಿತು, ‘ಕ’ ಆಯಿತು. ಋಕಾರ ಪ್ರತ್ಯೇಕ ಸಂಕೇತವಾದ್ದರಿಂದ ಅದಕ್ಕೆ ಏನೂ ಆಗಲಿಲ್ಲ, ‘ಗೃ’ ನೀಟಾಗಿ ‘ಕೃ’ ಆಯಿತು. ಅವಳು ಸೈಜ್ ಬದಲಿಸಿ ಸೇವ್ ಒತ್ತಿದಾಗ ವರ್ಡ್ ತನ್ನ ಎದುರಿದ್ದುದನ್ನೇ ಬರೆಯಿತು. ವರ್ಡ್ ಬರೆಯುವ ಡಾಕ್‌ಎಕ್ಸ್ ಫೈಲ್ ಒಳಗೆ ಒಂದು ಜಿಪ್ಪೇ. ಅದರ ಸಿಆರ್‌ಸಿ ಲೆಕ್ಕವನ್ನೂ ತಪ್ಪಾದ ಅಕ್ಷರದ ಮೇಲೆಯೇ ಹಾಕಿತು. ಹಾಗಾಗಿ ಫೈಲ್ ಯಾವ ದೂರೂ ಇಲ್ಲದೆ ತೆರೆಯುತ್ತದೆ.

ಇದನ್ನು ನಾನು ಸಾಬೀತು ಮಾಡಲಾರೆ. ಆ ಹೊತ್ತಿಗೆ ಆ ಅಕ್ಷರ ಆ ಕಣದಲ್ಲಿತ್ತು ಅನ್ನುವುದಕ್ಕೆ ಸಾಕ್ಷಿ ಇಲ್ಲ. ಅವಳ ಬೆರಳೇ ತಪ್ಪಿರಬಹುದು. ಆದರೆ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ‘ಗ’ ಇರುವುದು ಇಂಗ್ಲಿಷಿನ ಜಿ ಕೀಲಿಯಲ್ಲಿ, ‘ಕ’ ಇರುವುದು ಕೆ ಕೀಲಿಯಲ್ಲಿ, ನಡುವೆ ಎರಡು ಕೀಲಿ. ಪ್ರೂಫ್ ಸರಿಯಿತ್ತು. ಇನ್ನೊಂದು ವಿಷಯ: ಅವಳು ಯೂನಿಕೋಡ್‌ನಲ್ಲಿ ಟೈಪ್ ಮಾಡುವವಳು. ಬಹಳ ಮುದ್ರಣದಂಗಡಿಗಳಂತೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸುವ ಹಳೆಯ ಆಸ್ಕಿ ನುಡಿ ಫಾಂಟ್ ಬಳಸಿದ್ದರೆ ನನ್ನ ವಾದ ಬಿದ್ದುಹೋಗುತ್ತಿತ್ತು. ಅದರಲ್ಲಿ ‘ಕ’ ಕೂರುವುದು ಇಂಗ್ಲಿಷಿನ ಪಿ ಅಕ್ಷರದ ಜಾಗದಲ್ಲಿ, ‘ಗ’ ಕೂರುವುದು ಯು ಅಕ್ಷರದ ಜಾಗದಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಎರಡು ಬಿಟ್ ತಪ್ಪಬೇಕು.

ಬದಲಿಸಿದ್ದು

ಮಂಗಳವಾರ ಹೊಸ 8 ಜಿಬಿ ಡಿಡಿಆರ್4 ಸ್ಟಿಕ್ ತಂದೆ, 1,750 ರೂಪಾಯಿ. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ 288 ಕಾಲುಗಳೇ ಆದರೂ ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಇಳಿಯುವುದಿಲ್ಲ. ಇಳಿಯದಿದ್ದರೆ ಒತ್ತಬಾರದು, ತಿರುಗಿಸಿ ನೋಡಬೇಕು. ಎರಡೂ ಕಡೆ ಕ್ಲಿಪ್ ಇರುವ ಬೋರ್ಡ್ ಆದರೆ ಕೂತಾಗ ಎರಡೂ ಕಡೆ ‘ಟಕ್’ ಅನ್ನಬೇಕು. ಆದರೆ ಈ ಬೋರ್ಡ್‌ನಲ್ಲಿ ಕ್ಲಿಪ್ ಒಂದೇ ಕಡೆ ಇರುವುದರಿಂದ ಇನ್ನೊಂದು ತುದಿ ಅರ್ಧ ಕೂತು ಮೋಸ ಮಾಡುತ್ತದೆ, ಬೆರಳಿಟ್ಟು ನೋಡಿಕೊಳ್ಳಬೇಕು. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು. ಬೋರ್ಡು ಹೊಸ ರ‍್ಯಾಮ್‌ನ ಜೊತೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಸಮಯ ಅದು. ಯಜಮಾನರು ಗಾಬರಿಯಾಗಿ ಸ್ವಿಚ್‌ಗೆ ಕೈ ಹಾಕಲು ಬಂದರು, ತಡೆದೆ.

ಈ ಸಲ ಕಾಫಿ ಕುಡಿದು ಎದ್ದು ಬರಲಿಲ್ಲ. ಎರಡೂ ಸ್ಟಿಕ್ ಹಾಕಿ, ಬಾಗಿಲು ಮುಚ್ಚಿ, ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಗ್ಗೆ ನೋಡಿದಾಗ ಆರು ಪಾಸ್, ಎರರ್ ಸೊನ್ನೆ.

ಕೆಟ್ಟ ಕಣ ಇರುವ ಜ್ಞಾಪಕದ ತುಂಡನ್ನು ಮಾತ್ರ ಬಳಸಬೇಡ ಅಂತ ವಿಂಡೋಸ್‌ಗೆ, ಲಿನಕ್ಸ್‌ಗೆ ಹೇಳಿಡುವ ಉಪಾಯವೂ ಉಂಟು. ಮನೆಯಲ್ಲಿ ಸಿನಿಮಾ ನೋಡುವ ಯಂತ್ರಕ್ಕಾದರೆ ಆಗಲಿ. ಊರವರ ಹೆಸರು, ತಾರೀಕು, ಮುಹೂರ್ತ ಮುದ್ರಿಸುವ ಯಂತ್ರಕ್ಕೆ ನಾನು ಹಾಗೆ ಮಾಡುವುದಿಲ್ಲ. ಒಂದು ಕಣ ಸೋತ ಚಿಪ್‌ನಲ್ಲಿ ಮುಂದಿನದು ಯಾವಾಗ ಸೋಲುತ್ತದೆ ಅಂತ ಯಾರಿಗೆ ಗೊತ್ತು? ಕೆಟ್ಟ ಸ್ಟಿಕ್ ವಾರಂಟಿಯಲ್ಲಿತ್ತು, ಸ್ಟಿಕ್ಕರ್ ಮೇಲಿನ ಸೀರಿಯಲ್ ನಂಬರ್ ಅಳಿಸಿರಲಿಲ್ಲ. ಕೊಂಡ ಅಂಗಡಿಗೆ ಕಳಿಸಿದೆ, ಮೂರು ವಾರದಲ್ಲಿ ಬದಲಿ ಬಂತು. ಅದನ್ನೂ ಟೆಸ್ಟ್ ಮಾಡಿಯೇ ಡ್ರಾಯರ್‌ಗೆ ಹಾಕಿದ್ದು.

ರ‍್ಯಾಮ್ ಬದಲಾದರೆ ಕೆಲಸ ಮುಗಿಯಲಿಲ್ಲ. ಮಾರ್ಚ್‌ನಲ್ಲಿ ನಾನು ವಿಂಡೋಸ್ ಹಾಕಿದ್ದು ಕೆಟ್ಟ ರ‍್ಯಾಮ್ ಮೇಲೆ. ಡಿಸ್ಕ್‌ಗೆ ಬರೆದುಕೊಂಡ ಸಿಸ್ಟಮ್ ಫೈಲ್‌ಗಳೂ ಕೆಟ್ಟಿರಬಹುದು. ಸಿಸ್ಟಮ್ ಫೈಲ್ ಚೆಕ್ಕರ್ ಓಡಿಸಿದಾಗ ಹಾಳಾದ ಫೈಲ್‌ಗಳು ಸಿಕ್ಕವು, ರಿಪೇರಿಯೂ ಆಯಿತು. ಆದರೂ ಮನಸ್ಸು ಒಪ್ಪದೆ ಎಲ್ಲ ಅಳಿಸಿ ಮತ್ತೊಮ್ಮೆ ಹೊಸದಾಗಿ ಹಾಕಿದೆ.

ಆಮೇಲೆ ಹಳೆಯ ಕೆಲಸಗಳು. ದೀಪಾವಳಿಯಿಂದ ಈಚೆಗೆ ಮಾಡಿದ್ದ 212 ಜಿಪ್‌ಗಳನ್ನೂ 7-ಜಿಪ್‌ನಲ್ಲಿ ಟೆಸ್ಟ್‌ಗೆ ಹಾಕಿದೆವು. ಮೂರು ನಿಜವಾಗಿಯೂ ಕೆಟ್ಟಿದ್ದವು, ಎಷ್ಟು ಸಲ ಓದಿದರೂ ಅದೇ ಜಾಗದಲ್ಲಿ. ಎರಡಕ್ಕೆ ಪೆನ್‌ಡ್ರೈವ್‌ನಲ್ಲಿ ಮೂಲ ಪ್ರತಿ ಸಿಕ್ಕಿತು, ಒಂದು ಹೋಯಿತು. ಉಳಿದ 209 ‘ಸರಿ’ ಅಂದವು. ಆದರೆ ಜಿಪ್ ಹೇಳುವುದು ತನಗೆ ಕೊಟ್ಟದ್ದು ಹಾಗೆಯೇ ಇದೆ ಅಂತ ಮಾತ್ರ. ಕೊಡುವ ಮೊದಲೇ ಯಾವುದಾದರೂ ಅಕ್ಷರ ತಪ್ಪಿತ್ತೇ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅಂಥ ತಪ್ಪು ಹಿಡಿಯಲು ನಮಗಿರುವುದು ಕಣ್ಣೊಂದೇ. ಮರುಮುದ್ರಣಕ್ಕೆ ಬರುವ ಹಳೆಯ ಫೈಲ್ ಯಾವುದೇ ಇರಲಿ, ಪ್ರಿಂಟ್‌ಗೆ ಮೊದಲು ಮತ್ತೆ ಪ್ರೂಫ್ ಓದಬೇಕು ಅಂತ ಯಜಮಾನರು ಅವತ್ತೇ ಗೋಡೆಗೆ ಬರೆದು ಅಂಟಿಸಿದರು.

ಗ ಮತ್ತು ಕ ಕತೆಯನ್ನು ಅವರಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ಒಂದು, ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ, ಎರಡು ಸಲ ಹೋಲಿಸಿ ನೋಡಿದರು. ಖಚಿತವಾಗಿ ಹೇಳಲಾರೆ ಅಂತಲೂ ಹೇಳಿದೆ. ಅವರು ಲೆಕ್ಕದ ಪುಸ್ತಕ ತೆಗೆದು ಹುಡುಗಿಯ ಪುಟದಲ್ಲಿದ್ದ 1,200ಕ್ಕೆ ಉದ್ದ ಗೆರೆ ಎಳೆದರು. ನಾಲ್ಕು ಪುಟ ತಿರುವಿ ನನ್ನ ಹೆಸರಿನ ಕೆಳಗೆ ಅದನ್ನೇ ಬರೆದರು.

“ಮೊಳೆ ಹಾಕಿದೋನು ನೀನೇ ಅಲ್ವೇನಪ್ಪಾ?”

ಹೊಸ ಸ್ಟಿಕ್‌ನ ದುಡ್ಡು ನಾನು ಕೇಳಿರಲಿಲ್ಲ. ಮೂರು ದಿನದ ಕೂಲಿ ಅಂತ 800 ಬರೆಸಿದ್ದೆ. ಅದನ್ನು ಕಳೆದು ಉಳಿದ 400 ರೂಪಾಯಿ ಮೇಜಿನ ಮೇಲಿಟ್ಟು ಬ್ಯಾಗ್ ಎತ್ತಿಕೊಂಡೆ. ಹುಡುಗಿ ಆಗಲೇ ಕೂತು ಟೈಪ್ ಮಾಡುತ್ತಿದ್ದಳು.